ಮೊರದ ಮೇಲಿನ ಬಿಡಾರ

ಮಯೂರ್ ವಿಹಾರ್, ದೆಹಲಿ
೫ ಸೆಪ್ಟೆಂಬರ್ ೨೦೨೫

ಚಿ. ಸೌ. ಅಪೂರ್ವಾಳಿಗೆ ಸರಳಾ ಮಾಡುವ ಆಶೀರ್ವಾದಗಳು.

ಮೇಲಿನ ‘ಸೌ.’ ಕೈಯ ಅಭ್ಯಾಸದಿಂದ ಬಂದದ್ದು. ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು. ಕೇಂದ್ರ ಸರ್ಕಾರದಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತಳಾದವಳು ನಾನು. ಒಮ್ಮೆ ಬರೆದದ್ದನ್ನು ಹೊಡೆದುಹಾಕಬೇಕಾದರೆ ಮೇಲಿನವರ ರುಜು ಬೇಕು. ಈ ವಿಷಯದಲ್ಲಿ ಮೇಲಿನವರು ಯಾರೆಂದು ಇನ್ನೂ ತಿಳಿದಿಲ್ಲ.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನದೂ ಕಿರಣನದೂ ಕೋರ್ಟಿನಲ್ಲಿ ಮುಗಿದ ದಿನವೇ, ಏಪ್ರಿಲ್‌ನಲ್ಲಿ, ಬರೆಯಲು ಕೂತಿದ್ದೆ. ಪೆನ್ನು ಸಿಕ್ಕಲಿಲ್ಲ. ಪೆನ್ನು ಸಿಕ್ಕ ದಿನ ಮಾತು ಸಿಕ್ಕಲಿಲ್ಲ. ವಾಟ್ಸಾಪ್ ಇಲ್ಲವೇ ಅತ್ತೆ, ಅಂತೀಯ. ಅದರಲ್ಲಿ ನೀಲಿ ಗೆರೆ ಬಿದ್ದಮೇಲೆ ಉತ್ತರಕ್ಕೆ ಕಾಯಬೇಕು. ಕಾಗದವಾದರೆ ಇನ್ನೂ ಮೈಸೂರಿನ ದಾರಿಯಲ್ಲಿದೆ ಎಂದುಕೊಂಡು ಎಷ್ಟು ದಿನ ಬೇಕಾದರೂ ಇರಬಹುದು.

ನಾವು ಕ್ಷೇಮ. ಯಮುನೆ ಏರಿದ್ದಾಳೆ, ನಮ್ಮ ಹಿತ್ತಲಿನವರೆಗೆ ಬಂದಿಲ್ಲ. ನನಗೂ ಏನೂ ಆಗಿಲ್ಲ. ಆಗಬೇಕಿತ್ತೇನೋ, ಆಗಿಲ್ಲ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ತಿಂದರೆ ನನಗೆ ತಿಳಿಯುವುದಿಲ್ಲ, ನಿನ್ನ ಮಾವ ಲೋಟದ ನೀರು ಖಾಲಿ ಮಾಡಿದಾಗ ತಿಳಿಯುತ್ತದೆ.

ಇನ್ನು ಹಿತ್ತಲಿನ ವಾರ್ತೆಗಳು. ನೀನು ಹಾಕಿದ ಹೀರೆಬಳ್ಳಿ ನಮ್ಮನ್ನು ತೊರೆದು ಮೇಲಿನ ಮನೆಯ ಬಾಲ್ಕನಿಗೆ ಒಕ್ಕಲು ಹೋಗಿದೆ. ಆ ಆಂಟೀಜಿ ಮೇಲಿಂದಲೇ ಕೊಯ್ದು, “ಸರಳಾಜೀ, ಆಧಾ ಆಧಾ!” ಎಂದು ಕೂಗಿ ಚೀಲ ಇಳಿಬಿಡುತ್ತಾರೆ. ಅವರ ಪಾಲಿನ ಅರ್ಧ ಸ್ವಲ್ಪ ದಪ್ಪ. ಹರಟೆಮಲ್ಲ ಹಕ್ಕಿಗಳ ಪಂಚಾಯ್ತಿ ದಿನಾ ಬೆಳಿಗ್ಗೆ ಗೋರಂಟಿ ಗಿಡದ ಬುಡದಲ್ಲಿ ಸೇರುತ್ತದೆ. ತೀರ್ಮಾನ ಯಾವುದೂ ಆದಂತಿಲ್ಲ. ಕಿರಣ ಬಾಗಿಲಲ್ಲಿ ನಿಂತು, “ಅಮ್ಮಾ, ಯೇ ಕ್ಯಾ ಹೈ, ಪೂರಾ ಜಂಗಲ್ ಆಗಿದೆ. ಟೈಲ್ಸ್ ಹಾಕಿಸಿಬಿಡೋಣ” ಅಂದ. ಅದಕ್ಕೆ ನಿನ್ನ ಮಾವ, “ಕಡತ ಮಂಡಿಸು, ಪರಿಶೀಲಿಸೋಣ” ಅಂದರು. ಅವರು ಪರಿಶೀಲಿಸಿದ ಯಾವ ಕಡತವೂ ಇವತ್ತಿನವರೆಗೆ ಹೊರಗೆ ಬಂದದ್ದಿಲ್ಲ. ಆದ್ದರಿಂದ ಹಿತ್ತಲು ಕ್ಷೇಮ.

ಕರಿಬೇವಿಗೆ ಈ ಸಲವೂ ಹುಳು ಬಿದ್ದಿದೆ. ನಿನಗೆ ಗೊತ್ತಿರುವವರೇ. ಮೊದಲು ಹಕ್ಕಿಯ ಹಿಕ್ಕೆಯಂತೆ ಬಿದ್ದುಕೊಂಡಿದ್ದು, ಆಮೇಲೆ ಹಸಿರು ಕೋಟು ತೊಟ್ಟು, ಮುಟ್ಟಿದರೆ ತಲೆಯಿಂದ ಕೊಂಬು ತೆಗೆದು ವಾಸನೆ ಬಿಡುವವರು. “ಥೇಟ್ ನಮ್ಮ ಹಳೇ ಜಾಯಿಂಟ್ ಸೆಕ್ರೆಟರಿ” ಎನ್ನುತ್ತಾರೆ ನಿನ್ನ ಮಾವ. ಅವರ ಪ್ರಕಾರ ಇದು ಅನಧಿಕೃತ ಕಾಲನಿ, ಚುನಾವಣೆ ಬರುವವರೆಗೆ ಸಕ್ರಮ ಮಾಡಲು ಬರುವುದಿಲ್ಲ. ಹಾಗೆಂದು ತೆರವುಗೊಳಿಸಲೂ ಇಲ್ಲ. ಚಹಾ ಹಿಡಿದು ಸ್ಟೂಲು ಹಾಕಿಕೊಂಡು ಅವು ಎಲೆ ತಿನ್ನುವುದನ್ನು ನೋಡುತ್ತಾರೆ.

ಪಕ್ಕದ ಬ್ಲಾಕಿನ ಮನೋರಮಾ ಒಗ್ಗರಣೆಗೆ ಎಲೆ ಕೇಳಲು ಬಂದವರು ಬೆಚ್ಚಿದರು. “ಇದೇನ್ರೀ ಸರಳಾ, ಎಲೆಗಿಂತ ಹುಳಾನೇ ಜಾಸ್ತಿ! ಔಷಧಿ ಹೊಡೀಬಾರ್ದಾ?”

“ಹೊಡೆಯೋ ಹಾಗಿಲ್ಲ ರೀ. ನಮ್ಮ ಅಪೂರ್ವಾ ಬೇಡ ಅಂದಿದ್ದಾಳೆ.”

“ಅವಳು ಈಗ ನಿಮ್ಮ...” ಎಂದು ಅರ್ಧಕ್ಕೆ ನಿಂತರು.

“ಹುಳಕ್ಕೆ ಇನ್ನೂ ಹೇಳಿಲ್ಲ ರೀ” ಅಂದೆ.

ಈಗ ಮೊರದ ವಿಷಯ. ಗೌರಿಹಬ್ಬಕ್ಕೆ ಮೊದಲು ಕರೋಲ್ ಬಾಗಿಗೆ ಹೋಗಿದ್ದೆ. ಅಂಗಡಿಯ ಭಯ್ಯಾ ನನ್ನನ್ನು ಕಂಡವನೇ, “ಮಾತಾಜೀ, ಹರ್ ಸಾಲ್ ಕೀ ತರಹ್, ದೋ ಜೋಡಿ?” ಅಂದ. ಪ್ರತಿ ವರ್ಷದಂತೆ ಎರಡು ಜೊತೆಗೂ ನಾನು, “ಹಾಂ” ಅಂದೆ. ಅಷ್ಟೇ ಆದದ್ದು. ಒಂದು ಜೊತೆ ಗೌರಿಗೆ, ಒಂದು ಜೊತೆ ನಿನಗೆ. ಹೆಣ್ಣುಮಕ್ಕಳಿಲ್ಲದ ನಾನು ನಿನ್ನನ್ನೇ ಮಗಳ ಜಾಗದಲ್ಲಿ ಕೂರಿಸಿ ಬಾಗಿನ ಕೊಡುತ್ತಿದ್ದೆನಲ್ಲ. ಕಳೆದ ವರ್ಷ ನೀನು ಮೈಸೂರಿಗೆ ಹೋಗಿದ್ದಾಗಲೂ ಕೊರಿಯರ್ ಮಾಡಿದ್ದೆ. ಮನೆಗೆ ಬಂದು ನಾಲ್ಕೂ ಮೊರ ತೊಳೆದೆ, ಅರಿಶಿನ ಹಚ್ಚಿದೆ, ಹಿತ್ತಲಿನ ಗೋಡೆಗೆ ಒರಗಿಸಿ ಒಣಗಲಿಟ್ಟೆ. ಕೈ ತೊಳೆದುಕೊಳ್ಳುವಾಗ ನೆನಪಾಯಿತು.

ಮನೋರಮಾ ಕಣ್ಣಿಗೆ ಅದೂ ಬಿತ್ತು. “ಅಂಥವರಿಗೆಲ್ಲ ಬಾಗಿನ ಕೊಡೋ ಹಾಗಿಲ್ಲ ರೀ, ಶಾಸ್ತ್ರ ಇದೆ.” ಆದೇಶದ ಸಂಖ್ಯೆ, ತಾರೀಕು ಕೇಳಿದೆ. ಮುಖ ಊದಿಸಿಕೊಂಡು ಹೋದರು, ಕರಿಬೇವು ಬಿಡದೆ ತೆಗೆದುಕೊಂಡೇ. ಜಗಳದಲ್ಲಿ ಗೆದ್ದೆ. ಆದರೆ ಕೊಡಬೇಕೋ ಬಿಡಬೇಕೋ ಎಂದು ನನಗೇ ತಿಳಿಯಲಿಲ್ಲ. ಕಳಿಸಿದರೆ ಬಿಚ್ಚಿ ನೋಡಿ ನೀನು ಅಳುತ್ತೀಯೋ, ವಾಪಸು ಕಳಿಸುತ್ತೀಯೋ? ಕಳಿಸದಿದ್ದರೆ ಅತ್ತೆಯೂ ಮುಗಿಸಿದಳು ಅಂದುಕೊಳ್ಳುತ್ತೀಯೋ? ಗೌರಿಯ ಜೊತೆಯನ್ನು ಒಳಗೆ ತಂದೆ. ನಿನ್ನದನ್ನು ನಾಳೆ ನೋಡೋಣ ಎಂದು ಅಲ್ಲೇ ಬಿಟ್ಟೆ.

ಮರುದಿನ ನೋಡಿದರೆ ಒಬ್ಬ ಹಸಿರು ಕೋಟಿನವನು ಕರಿಬೇವಿನಿಂದ ಇಳಿದು, ಗೋಡೆಯುದ್ದಕ್ಕೂ ನಡೆದು, ನಿನ್ನ ಮೊರದ ಅಂಚಿನಲ್ಲಿ ಬಿಡಾರ ಹೂಡಿದ್ದ. ನಡುವಿಗೆ ಒಂದೆಳೆ ದಾರ ಬಿಗಿದುಕೊಂಡು, ಆಫೀಸ್ ಬಸ್ಸಿನಲ್ಲಿ ನಿಂತು ನಿದ್ದೆ ಮಾಡುವವರ ಹಾಗೆ ಒರಗಿದ್ದ. ಆಮೇಲೆ ಮೊರದ್ದೇ ಬಣ್ಣದ ಗೂಡಾದ. ನನಗೆ ಎಷ್ಟು ಹಗುರವಾಯಿತು ಗೊತ್ತೇ? ಬಾಡಿಗೆದಾರನಿರುವ ಮೊರವನ್ನು ಯಾರಿಗೆ ಕೊಡುವುದಕ್ಕಾಗುತ್ತದೆ, ಯಾರಿಂದ ತೆಗೆಯುವುದಕ್ಕಾಗುತ್ತದೆ! ಮಳೆ ಬಂದಾಗ ನಿನ್ನ ಮಾವ ತಮ್ಮ ಕೊಡೆಯನ್ನೇ ಅದರ ಮೇಲೆ ಬಿಚ್ಚಿಟ್ಟು ತಾವು ನೆನೆದುಕೊಂಡು ಹಾಲು ತಂದರು. ಹಬ್ಬ ಬಂತು, ಹೋಯಿತು. ಚಿಟ್ಟೆ ಹಾರಿದ ದಿನ ಮೊರ ಕಟ್ಟಿ ನಿನಗೆ ಕಳಿಸಿಬಿಡುವುದು ಎಂದು ಮನಸ್ಸಿನಲ್ಲೇ ಆದೇಶ ಹೊರಡಿಸಿಕೊಂಡಿದ್ದೆ.

ನೀನು ಒಮ್ಮೆ ಹೇಳಿದ್ದೆ: “ಅತ್ತೆ, ಗೂಡು ಸೀಳಿದ್ದರೆ ಚಿಟ್ಟೆ ಹೋಗಿದೆ ಅಂತ. ಸೂಜಿ ಚುಚ್ಚಿದ ಹಾಗೆ ತೂತಿದ್ದರೆ, ಒಳಗೆ ಕಣಜದ ಮರಿಗಳಿದ್ದವು ಅಂತ. ಚಿಟ್ಟೆಯನ್ನ ಅವು ಯಾವಾಗಲೋ ತಿಂದು ಮುಗಿಸಿರ್ತವೆ.”

ಮೊನ್ನೆ ಮಂಗಳವಾರ ನಿನ್ನ ಮಾವ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದ್ದರು. ಕೊನೆಗೆ, “ಸೀಳಿಲ್ಲ ಕಣೇ, ತೂತಿದೆ” ಅಂದರು. ನಾನು ಹೀರೆಕಾಯಿ ಚೀಲ ತೆಗೆದುಕೊಂಡು ಒಳಗೆ ಬಂದೆ. ಸಿಪ್ಪೆ ಹೆರೆದೆ. ಸಿಪ್ಪೆಯ ಚಟ್ನಿಯನ್ನೂ ಮಾಡಿದೆ. ಚೆನ್ನಾಗಿತ್ತಂತೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಶಾಲೆಯ ಮಕ್ಕಳನ್ನು ಬೈದು ಗಂಟಲು ಕೆಡಿಸಿಕೊಳ್ಳಬೇಡ. ನಿನ್ನ ಅಮ್ಮನಿಗೆ ನಮಸ್ಕಾರ ತಿಳಿಸು, ತೆಗೆದುಕೊಂಡರೆ. ಯಾವ ಸಂಬಂಧದಿಂದ ಹರಸುವುದೆಂಬ ವಿಷಯ ಇತ್ಯರ್ಥವಾಗದ ಕಾರಣ, ಸದ್ಯಕ್ಕೆ ಬರೀ ಕೈಯಿಂದ ಹರಸಿದ್ದೇನೆ. ಒಳ್ಳೆಯದಾಗಲಿ.

ನಿನ್ನ
ಸರಳಾ

ತಾ. ಕ.: ಬೇರೆಯವರ ಬಾಯಿಂದ ನೀನು ಕೇಳುವುದು ಬೇಡ. ಹಬ್ಬದ ಮುಂದಿನ ಭಾನುವಾರ ಕಿರಣನಿಗೆ ಹೆಣ್ಣಿನವರು ಬಂದಿದ್ದರು. ಪಿತೃಪಕ್ಷ ಹಿಡಿಯುವ ಮೊದಲು ಮಾತು ಮುಗಿಯಬೇಕೆಂದು ಅವರಿಗೆ ಅವಸರ, ಮುಗಿಯಿತು. ಹುಡುಗಿಯ ಹೆಸರು ಗಗನಾ. ಅವಳ ತಾಯಿ ಹಿತ್ತಲಿಗೆ ಬಂದು ಮೊರ ನೋಡಿ, “ಅಯ್ಯೋ, ಬರೋ ಸೊಸೆಗೆ ಆಗಲೇ ಬಾಗಿನದ ಮೊರ ರೆಡಿ ಮಾಡಿಟ್ಟಿದ್ದೀರಲ್ಲ!” ಅಂದರು. ಎಲ್ಲರೂ ನಕ್ಕರು. ಕಿರಣನೂ ನಕ್ಕ. ನನ್ನ ಬಾಯಿಯೂ ನಕ್ಕಿತು. ಆ ಹುಡುಗಿ ಮಾತ್ರ ಬಗ್ಗಿ ನೋಡಿ, “ಇದರಲ್ಲಿ ಏನೋ ಜೀವ ಇದೆ ಆಂಟಿ, ಮುಟ್ಟಲ್ಲ” ಅಂದಳು. ಒಳ್ಳೆಯ ಹುಡುಗಿ ಅಪೂರ್ವಾ, ದೂರುವುದಕ್ಕೆ ಏನೂ ಸಿಕ್ಕಲಿಲ್ಲ. ಮೊರ ಈಗಲೂ ಹೊರಗೇ ಇದೆ. ಒಳಗೆ ತಂದರೆ ಯಾರದೆಂದು ಹೇಳಬೇಕಾಗುತ್ತದೆ.