ನಮ್ಮ ಮನಿ ಗಂಡಸರ ವಿಷಯ

ಭರತಾ,

ಬೆಳುಗುಪ್ಪದ ಮೊದಲನೇ ಬಸ್ಸು ನನ್ನ ಡ್ಯೂಟಿ, ಹೊಂಟೀನಿ. ಆಸ್ಪತ್ರ್ಯಾಗ ರಕ್ತ ತಗೊಳ್ಳೋ ತನಕ ಏನೂ ತಿನ್ನಬ್ಯಾಡ. ಉಗ್ಗಾಣಿ ಡಬ್ಬಿಯೊಳಗ ಅದ, ಆಮೇಲೆ ತಿನ್ನು. ಫೋನು ನಾನೇ ಚಾರ್ಜಿಗೆ ಹಾಕೀನಿ, ನಿನಗ ಅದೊಂದು ನೆನಪಿರಂಗಿಲ್ಲ.

ಗಂಡಸರ ಹಾರ್ಮೋನು ಕೊಡೋಕಿಂತ ಮುಂಚೆ ಡಾಕ್ಟರು ಮನೆತನದ್ದೆಲ್ಲ ಕೇಳ್ತಾರಂತ ನಿನ್ನೆ ಅಂದಿ. ನನಗ ಸಿಟ್ಟಿಲ್ಲ, ರಾತ್ರಿ ಕುಂತು ಎಲ್ಲಾ ನೆನಪು ಮಾಡ್ಕೊಂಡೀನಿ. ತಾತಗ ಬಿ.ಪಿ. ಇತ್ತು, ನನಗ ಶುಗರ್ ಅದ. ನಮ್ಮ ಮನಿ ಗಂಡಸರಿಗೆ ಮೂವತ್ತರೊಳಗ ತಲಿ ಬೋಳಾಗ್ತದ, ಅದನ್ನೂ ಹೇಳು.

ನೀನು ಹುಟ್ಟಿದಾಗ ಹೆಣ್ಣುಕೂಸು, ಎಲ್ಲಾ ಅವ್ವನ ಹೋಲಿಕಿ ಅಂದಿದ್ರು. ಇವತ್ತು ದಾಡಿ ಮಾಡ್ಕೊಳ್ಳುವಾಗ ಕೈ ನಿಂತುಬಿಡ್ತು. ಅರ್ಧ ದಾಡಿ ಹಂಗೇ ಬಿಟ್ಟು ಕನ್ನಡಿಯಾಗ ನನ್ನನ್ನೇ ನೋಡ್ಕೊಂತ ಇದ್ದೆ, ಇದರಾಗ ಏನೇನು ನಿನ್ನ ಮುಖಕ್ಕ ಬರ್ತದೋ ಅಂತ.

ಅಪ್ಪ