ಅಪ್ಪ ಮೆಟ್ಟಿಲು ಹತ್ತದ ಎರಡು ದಿನ

ದಾವಿ ಅಣ್ಣಾ,

ನಿನ್ನ ಮೇಲೆ ಸಿನಿಮಾ ಮಾಡಿದ್ದಾರೆ. ನಂಬುತ್ತೀಯಾ? ನೀನಿದ್ದಿದ್ದರೆ ಹೊಟ್ಟೆ ಹಿಡಿದು ನಕ್ಕು, "ಏ ರೂತಿ, ನನ್ನ ಪಾರ್ಟ್ ಯಾರಿಗಿ ಕೊಟ್ಟಾರ? ಅವಗ ಹಾಡಾಕರ ಬರ್ತದೋ ಇಲ್ಲೋ?" ಅಂತ ಕೇಳುತ್ತಿದ್ದೆ. ಬರುವುದಿಲ್ಲ ಅಣ್ಣಾ, ಬರೀ ಬಾಯಿ ಆಡಿಸುತ್ತಾನೆ. ಆದರೆ ನಾನು ಬರೆಯಲು ಕೂತದ್ದು ಅದನ್ನು ಹೇಳಲಿಕ್ಕಲ್ಲ. ಆಸ್ಪತ್ರೆಯಲ್ಲಿ ನಿನಗೆ ನಾನೊಂದು ಸುಳ್ಳು ಹೇಳಿದ್ದೆ. ಅದನ್ನು ಜನರ ಮುಂದೆ ಒಪ್ಪಿಕೊಂಡಾಯಿತು. ನಿನ್ನ ಮುಂದೆ ಒಪ್ಪಿಕೊಳ್ಳುವುದು ಇನ್ನೂ ಉಳಿದಿದೆ.

ಆ ಟ್ರ್ಯಾಕ್ಟರ್ ನೆನಪಿದೆಯಾ? ಮಾನ್ವಿಯ ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರದ ಆರಾಧನೆ ನಡೆದಿತ್ತು. ಅಪ್ಪ ಪ್ರಸಂಗ ಮಾಡುತ್ತಿದ್ದ. ನೀನು ಹಾರ್ಮೋನಿಯಂ ಮುಂದೆ, ನಾನು ಹೆಣ್ಣುಮಕ್ಕಳ ಚಾಪೆಯ ಮೇಲೆ. ಹೊರಗೆ ಯಾರದೋ ಮದುವೆಯ ಮೆರವಣಿಗೆ ಬಂತು, ಟ್ರ್ಯಾಕ್ಟರ್ ತುಂಬ ಡಿಜೆ ಪೆಟ್ಟಿಗೆಗಳು. ಅದರೊಳಗಿಂದ ಹೊರಟದ್ದು ನಿನ್ನ ದನಿ. "ಮಾನ್ವಿ ಸಂತಿಗಿ ಬಂದಾಕಿ, ಮಾರಿ ತಿರುವಿ ನಡದಾಕಿ..." ಕಿಟಕಿಗಳು ಗಡಗಡ ಅಂದವು. ನನ್ನ ಪಕ್ಕದ ಹುಡುಗಿಯರು ತುಟಿಯಲ್ಲೇ ಹಾಡು ಹಿಡಿದರು. ಆ ಹಾಡು ಆಗಲೇ ರಾಯಚೂರು ಜಿಲ್ಲೆಯ ಎಲ್ಲ ಮೊಬೈಲುಗಳಲ್ಲಿ ಇತ್ತು. ಹಾಡಿದವನ ಹೆಸರು 'ಮಾನ್ವಿ ದಾವಿ' ಅಂತಲೂ ಎಲ್ಲರಿಗೂ ಗೊತ್ತಿತ್ತು, ಅಪ್ಪನೊಬ್ಬನನ್ನು ಬಿಟ್ಟು. ಟ್ರ್ಯಾಕ್ಟರ್ ದಾಟಿ ಹೋಗುವ ತನಕ ಅಪ್ಪ ಮಾತು ನಿಲ್ಲಿಸಿ ನಿನ್ನನ್ನೇ ನೋಡಿದ. ನೀನು ತಲೆ ತಗ್ಗಿಸಲಿಲ್ಲ. ತಗ್ಗಿಸಿದ್ದರೆ...

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯಲಿಲ್ಲ. "ನಾಳಿಯಿಂದ ಹಾರ್ಮೋನಿಯಂ ಮುಟ್ಟಬ್ಯಾಡ. ದೇವರಿಗೊಂದು, ಡಿಜೆಗೊಂದು, ಒಂದ ಬಾಯಿಲೆ ಎರಡು ಹಾಡು ನಡಿಯಂಗಿಲ್ಲ" ಅಂದ. ನೀನು ಮೆಲ್ಲಗೆ ಕೇಳಿದೆ: "ಯಪ್ಪಾ, ಎರಡಕ್ಕೂ ನೀ ಕಲಿಸಿದ ಸ್ವರನ ಅಲ್ಲೇನು?" ಅಪ್ಪ ತಾಟು ಸರಿಸಿ ಎದ್ದು ಹೋದ. ಸಂಜೆಯ ಬಸ್ಸಿಗೆ ನೀನು ರಾಯಚೂರಿಗೆ ಹೋದೆ. ಅಲ್ಲಿಂದ ಮುಂದೆ ಎಂಟು ವರ್ಷ ನೀನೂ ಅಪ್ಪನೂ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ಆ ಮನೆಯಲ್ಲಿ ನಾನೂ ಇದ್ದೆ ಅಣ್ಣಾ. ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು. ನಿಲ್ಲಲಿಲ್ಲ.

ದೇವದುರ್ಗದ ಆ ಸಂಜೆ ನನಗೆ ಈಗಲೂ ನೆನಪಾಗುತ್ತದೆ. ನಾನು ಅರಕೇರಾದ ಶಾಲೆಯಲ್ಲಿ ಟೀಚರ್ ಆಗಿ ಸೇರಿದ ಹೊಸತು. "ರೂತಿ ಕಡಿ ಹೋಗಿ ಬರ್ತೀನಿ" ಅಂತ ಅಪ್ಪನಿಗೆ ಹೇಳಿ ಬಂದ ಅವ್ವ, ಬಸ್ಸಿಳಿದವಳೇ, "ದೇವದುರ್ಗದಾಗ ಅವನ ಪ್ರೋಗ್ರಾಮ್ ಅದಂತಲ್ಲ, ನಡಿ" ಅಂದಳು. ಮೈದಾನದ ತುಂಬ ಜನ, ಸಿಳ್ಳೆ, ಧೂಳು. ಅವ್ವ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ನನ್ನ ಹಿಂದೆ ಅಡಗಿದಳು. ನೀನು ನಮ್ಮನ್ನು ಹೇಗೆ ಗುರುತಿಸಿದೆಯೋ! ಮೈಕಿನಲ್ಲಿ, "ಈಗ ನಮ್ಮಪ್ಪ ಕಲಿಸಿದ ಹಾಡೊಂದು ಹಾಡ್ತೀನಿ. ಸುಮ್ಮ ಕೇಳ್ರಿ" ಅಂದೆ. ವಾದ್ಯಗಳೆಲ್ಲ ನಿಂತವು. ಅಪ್ಪ ಕಟ್ಟಿದ ಆ ಪ್ರಾರ್ಥನೆಯ ಹಾಡನ್ನು, ಅಂಥ ಹುಚ್ಚು ಜನರ ನಡುವೆ, ಬರೀ ಕೊರಳಿನಲ್ಲಿ ಹಾಡಿದೆ. ಯಾರೂ ಸಿಳ್ಳೆ ಹಾಕಲಿಲ್ಲ. "ನಡಿ ಬೇ, ಸಭಿಯವರು ಯಾರರ ನೋಡಿದ್ರ..." ಅನ್ನುತ್ತಲೇ ಅವ್ವ ಕಡೆಯ ಸಾಲಿನ ತನಕ ಕದಲಲಿಲ್ಲ. ಮನೆಗೆ ಬಂದು ಅಪ್ಪನಿಗೆ ಇದನ್ನು ಹೇಳಿದೆವಾ? ಇಲ್ಲ. ನಮ್ಮ ಮನೆಯಲ್ಲಿ ಹೇಳಬೇಕಾದ ಮಾತನ್ನು ಯಾರು ಯಾವತ್ತು ಹೇಳಿದ್ದೇವೆ?

ರಾಯಚೂರಿನ ಆಸ್ಪತ್ರೆಗೆ ನಿನ್ನನ್ನು ಸೇರಿಸಿದಾಗ ಡೆಂಗಿ ಜ್ವರ, ನಾಲ್ಕು ದಿನದಲ್ಲಿ ಇಳಿಯುತ್ತದೆ ಅಂದುಕೊಂಡಿದ್ದೆವು. ಇಳಿಯಲಿಲ್ಲ. ನಾನು ಅಪ್ಪನಿಗೆ ಫೋನ್ ಮಾಡಿದೆ. ಅವನು "ಹೂಂ" ಅಂದು ಇಟ್ಟುಬಿಟ್ಟ. ಅವ್ವ ನಿನ್ನ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಎಳನೀರು ತರಲು ನಾನು ಇಳಿದು ಬಂದರೆ, ಔಷಧಿ ಅಂಗಡಿಯ ಎದುರಿನ ಬೆಂಚಿನ ಮೇಲೆ ಅಪ್ಪ ಕೂತಿದ್ದ. ಭಾನುವಾರದ ಬಿಳಿ ಅಂಗಿ, ತೊಡೆಯ ಮೇಲೆ ಕೈಚೀಲ.

"ಯಪ್ಪಾ, ಇಲ್ಯಾಕ ಕುಂತಿ? ಮ್ಯಾಲ ಬಾ."

"ಬರ್ತೀನಿ. ಹೋಗಿ ಏನ್ ಮಾತಾಡ್ಲಿ ಅನ್ನೂದ ತಿಳಿವಲ್ದು ಬೇ."

ಗಂಟೆಗಟ್ಟಲೆ ಪ್ರಸಂಗ ಮಾಡುವ ಮನುಷ್ಯ ಅಣ್ಣಾ ಅವನು. ಮಗನಿಗೆ ಹೇಳಲು ಎರಡು ಮಾತು ಸಿಗದೆ ಅಲ್ಲಿ ಕೂತಿದ್ದ. ನನ್ನ ಕೈ ಹಿಡಿದು, "ನಾ ಬಂದೀನಿ ಅಂತ ಅವಗ ಹೇಳಬ್ಯಾಡ, ನಿಮ್ಮವ್ವಗೂ ಹೇಳಬ್ಯಾಡ. ಮನಸ್ಸು ಗಟ್ಟಿ ಮಾಡ್ಕೊಂಡು ನಾನ ಬರ್ತೀನಿ. ಮಾತು ಕೊಡು" ಅಂದ. ಕೊಟ್ಟೆ. ಯಾಕೆ ಕೊಟ್ಟೆನೋ! ಅವನನ್ನು ಅವಸರ ಮಾಡಿದರೆ ಎದ್ದು ಮಾನ್ವಿಗೆ ಹೋಗಿಬಿಟ್ಟಾನು ಅನ್ನುವ ಹೆದರಿಕೆಯಾ? ಚಿಕ್ಕಂದಿನಿಂದ ಅವನ ಮಾತಿಗೆ ಹೂಂ ಅಂದು ಅಂದು ಬಂದ ರೂಢಿಯಾ?

ನೀನು ಮೊದಲ ಸಲ ಕೇಳಿದ್ದು ಅದೇ ಮಧ್ಯಾಹ್ನ. "ಅಪ್ಪಗ ತಿಳಿಸಿಯೇನು?" "ತಿಳಿಸೀನಿ." "ಬಂದಾನೇನು?" ನಾನು ಎಳನೀರಿನ ಲೋಟ ನಿನ್ನ ಬಾಯಿಗೆ ಹಿಡಿದು "ಇನ್ನಾ ಇಲ್ಲ" ಅಂದೆ. ಸಂಜೆ ಮತ್ತೆ ಕೇಳಿದೆ. ಮರುದಿನವೂ ಕೇಳಿದೆ. "ಇರ್ಲಿ ಬಿಡು, ಸಭಿ ಕೆಲಸ ಇರ್ತಾವ" ಅಂತ ನೀನೇ ನನಗೆ ಸಮಾಧಾನ ಹೇಳಿದೆ. ನಾನು ಪ್ರತಿ ಸಲ ಕೆಳಗೆ ಓಡಿ ಅಪ್ಪನನ್ನು ಬೇಡಿಕೊಂಡೆ. ಒಮ್ಮೆ ನಾಲ್ಕು ಮೆಟ್ಟಿಲು ಹತ್ತಿದ. ಗೋಡೆ ಹಿಡಿದು ನಿಂತು ಮತ್ತೆ ಇಳಿದ. ಮೂರನೆಯ ದಿನ ಬೆಳಿಗ್ಗೆ ನಿನ್ನನ್ನು ಐಸಿಯುಗೆ ಒಯ್ದರು. ನನ್ನ ಕೂಗು ಕೇಳಿ ಅಪ್ಪ ಒಂದೇ ಉಸಿರಿಗೆ ಮೇಲೆ ಓಡಿ ಬಂದ. ಅಷ್ಟು ಹೊತ್ತಿಗೆ ಒಳಗಿದ್ದ ಡಾಕ್ಟರು ಹೊರಗೆ ಬಂದು ನಿಂತಿದ್ದರು.

ನಿನ್ನನ್ನು ಮಣ್ಣಿಗಿಟ್ಟು ಬಂದ ದಿನದಿಂದ ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ತಾಟು ಇಡುವಳು, ನೀರು ಇಡುವಳು, ಅಷ್ಟೇ. ನಿನಗೆ ಜಾಸ್ತಿಯಾದ ಸುದ್ದಿ ಮುಟ್ಟಿ ಅಪ್ಪ ಆಗಷ್ಟೇ ಮಾನ್ವಿಯಿಂದ ಬಂದಿಳಿದ ಅಂತಲೇ ಅವಳು ತಿಳಿದಿದ್ದಳು. "ಕಡೀಗಳಿಗಿಗೆ ಬಂದ ಪಾಸ್ಟರ್" ಅಂತ ನನ್ನೆದುರು ಹಂಗಿಸುವಳು. ಅಪ್ಪ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕೊಟ್ಟ ಮಾತು ಅನ್ನುವುದು ನೆಪ. ನಿಜವಾಗಿ ನಾನು ಹೆದರಿದ್ದು ಅವ್ವನ ಕಣ್ಣಿಗೆ.

ವರ್ಷ ಕಳೆದ ಮೇಲೆ ಪ್ರಕಾಶ ಮನೆಗೆ ಬಂದ. ನಿನ್ನ ಜೊತೆ ಕೀಬೋರ್ಡ್ ನುಡಿಸುತ್ತಿದ್ದನಲ್ಲ, ಅವನೇ. ಈಗ ರಾಯಚೂರಿನಲ್ಲಿ ಮದುವೆ ವಿಡಿಯೊ ಮಾಡುತ್ತಾನೆ. "ಅಕ್ಕಾರ, ದಾವಿ ಅಣ್ಣನ ಮ್ಯಾಲ ಒಂದು ಸಿನಿಮಾ ಮಾಡ್ತೀನ್ರಿ. ಎಲ್ಲ ಸಭಿಗಳಾಗ ತೋರಸೂನು" ಅಂದ. ಸಭೆಯ ಹಿರಿಯರು ಖುಷಿಯಿಂದ ಒಪ್ಪಿದರು, ಆದರೆ ಕಥೆಗೆ ಕೈ ಹಾಕಿದರು. ಹೆಸರಿನ ಆಸೆಗೆ ಮನೆ ಬಿಟ್ಟ ಮಗ, ಮರಣದ ಹಾಸಿಗೆಯಲ್ಲಿ ತಂದೆಯ ಕೈ ಹಿಡಿದು "ತಪ್ಪಾಯ್ತು" ಅನ್ನಬೇಕು, ಸ್ತೋತ್ರ ಹಾಡುತ್ತ ಕಣ್ಣು ಮುಚ್ಚಬೇಕು. ನಾನು ದೇವದುರ್ಗದ ಸಂಗತಿ ಹೇಳಿದೆ. "ಅದು ಬ್ಯಾಡಮ್ಮ, ನೋಡೋರಿಗೆ ಗೊಂದಲ ಆಗ್ತದ" ಅಂದರು. ದಾರಿ ತಪ್ಪಿದವನು ದಾರಿಯಲ್ಲೇ ನಿಂತು ಪ್ರಾರ್ಥನೆ ಹಾಡಿದರೆ ಅವರ ಪಾಠ ಕೆಡುತ್ತಿತ್ತು ನೋಡು. ಅವರು ಬರೆಸಿದ ಕಥೆಯ ಕಾಗದಗಳನ್ನು ಹಿಡಿದು ಅಪ್ಪನ ಹತ್ತಿರ ಹೋದೆ. "ಯಪ್ಪಾ, ಹಿಂಗ ನಡದಿಲ್ಲಲ್ಲ?"

ಅಪ್ಪ ಕಾಗದಗಳನ್ನು ಮಡಚಿ ನನ್ನ ಕೈಗಿಟ್ಟು ಅಂದ: "ನಡೀಬೇಕಿತ್ತು."

ಸಿನಿಮಾ ತೋರಿಸಿದ ದಿನ ರಾಯಚೂರಿನ ಒಂದು ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಸಭೆಯವರು, ಹಿಂದೆ ನಿನ್ನ ಡಿಜೆ ಹಾಡಿನ ಹುಡುಗರು. ಅಪ್ಪ, ನಾನು, ಅವ್ವ ಎರಡನೆಯ ಸಾಲಿನಲ್ಲಿ, ನಡುವೆ ನಾನು. ಆಸ್ಪತ್ರೆಯ ದೃಶ್ಯ ಬಂತು. ಪರದೆಯ ಮೇಲಿನ ನೀನು ಪರದೆಯ ಮೇಲಿನ ಅಪ್ಪನ ಕೈ ಹಿಡಿದು "ಯಪ್ಪಾ, ತಪ್ಪಾಯ್ತು" ಅಂದೆ. ಸುತ್ತಲೂ ಬಿಕ್ಕುವ ಸದ್ದು. ಯಾರೋ "ಸ್ತೋತ್ರ!" ಅಂದರು. ಅವ್ವ ಮಾತ್ರ ಹಲ್ಲು ಕಚ್ಚಿ ಕೂತಿದ್ದಳು. ಆಗ ನನ್ನ ಪಕ್ಕದ ಕುರ್ಚಿ ಕಿರ್ ಅಂತು.

"ನಿಲ್ಸಪ್ಪಾ ಪ್ರಕಾಶಾ. ಲೈಟ್ ಹಾಕು."

ಅಪ್ಪ ಎದ್ದು ನಿಂತಿದ್ದ. ದೀಪ ಹತ್ತಿದವು. ಹಿರಿಯರೊಬ್ಬರು "ಪಾಸ್ಟರ್, ಕುಂಡ್ರಿರಿ, ಆಮ್ಯಾಲ ಮಾತಾಡೂನು" ಅಂತ ತೋಳು ಹಿಡಿದರು. ಅಪ್ಪ ಕೊಸರಿಕೊಂಡ. "ಇದು ಸುಳ್ಳು. ನನ್ನ ಮಗ ತಪ್ಪಾಯ್ತು ಅನಲಿಲ್ಲ. ಅನಬೇಕಾದಾವ ನಾನು. ಎರಡು ದಿನ ದವಾಖಾನಿ ಕೆಳಗ ಬೆಂಚಿನ ಮ್ಯಾಲ ಕುಂತಿದ್ದೆ. ಮ್ಯಾಲ ಹತ್ತಲಿಲ್ಲ. ನಿಮಗ ಇಷ್ಟು ವರ್ಷ ಕ್ಷಮಾ ಮಾಡ್ರಿ ಅಂತ ಹೇಳಿದಾವ, ನಾ ಹತ್ತಲಿಲ್ಲ."

ನಾನೂ ಎದ್ದೆ ಅಣ್ಣಾ. "ಅಪ್ಪ ಬಂದಾನೇನು ಅಂತ ಅಣ್ಣ ಮೂರು ಸಲ ಕೇಳಿದ. ಕೆಳಗ ಅದಾನಂತ ಗೊತ್ತಿದ್ದೂ ನಾ ಇಲ್ಲ ಅಂದೆ" ಅಂದೆ. ಜನರ ಕಡೆ ನೋಡಿ ಹೇಳಿದೆ. ಅವ್ವನ ಕಡೆ ನೋಡುವ ಧೈರ್ಯ ಇರಲಿಲ್ಲ.

ಅವ್ವ ಕೂಗಾಡಲಿಲ್ಲ. ಎದ್ದು ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು. "ಅಪ್ಪ ಮಗಳು ಕೂಡಿ ನನ್ನ ಮಗನ್ನ ಒಬ್ಬಂಟಿ ಮಾಡಿ ಕಳಿಸಿದ್ರೇನು?" ಅಂದು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದಳು. ಮಾನ್ವಿಯ ಬಸ್ಸಿನಲ್ಲಿ ಅವಳು ಮುಂದೆ, ಅಪ್ಪ ಹಿಂದೆ, ನಾನು ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತು ಬಂದೆ. ಮರುದಿನ ಅವಳು ಹಿರೇಕೊಟ್ನೆಕಲ್‌ನಲ್ಲಿರುವ ಚಿಕ್ಕಮ್ಮನ ಮನೆಗೆ ಹೋದಳು. ನಾನು ಹೋದಾಗೆಲ್ಲ ಚಹಾ ಕೊಟ್ಟಳು, ಮಾತಾಡಲಿಲ್ಲ. ಹಿರಿಯರು ಸಭೆ ಸೇರಿ ಅಪ್ಪನಿಗೆ ಕೆಲ ದಿನ ಪ್ರಸಂಗ ಮಾಡುವುದು ಬೇಡ ಅಂದರು. ಅಪ್ಪ ಬಾಗಿಲ ಹತ್ತಿರದ ಚಾಪೆಗೆ ಹೋಗಿ ಕೂತ. ಒಂದು ಭಾನುವಾರ ಆರಾಧನೆ ಮುಗಿಸಿ ಬರುವಾಗ ನಾನು ಅವನಿಗೆ ದೇವದುರ್ಗದ ಸಂಜೆಯನ್ನು ಹೇಳಿದೆ. "ನಾ ಕಟ್ಟಿದ ಹಾಡ? ಅಷ್ಟು ಮಂದಿ ಮುಂದ?" ಅಂತ ಎರಡೆರಡು ಸಲ ಕೇಳಿದ. ನೀನು ಯಾವ ಶ್ರುತಿಯಲ್ಲಿ ಹಾಡಿದೆ ಅಂತಲೂ ಕೇಳಿದ. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವನು ನೀನೊಬ್ಬನೇ.

ಪ್ರಕಾಶ ಮೂರು ತಿಂಗಳ ಹಿಂದೆ ಮತ್ತೆ ಬಂದ. "ಅದನ್ನ ತೋರಸಂಗಿಲ್ರಿ ಅಕ್ಕಾರ. ಖರೇನ ನಡದದ್ದು ಮಾಡ್ತೀನಿ, ಹಿರಿಯರು ರೊಕ್ಕ ಕೊಡಲಿಲ್ಲಂದ್ರೂ ಮಾಡ್ತೀನಿ" ಅಂದ. ಅಪ್ಪ ತಾನಾಗಿಯೇ, "ಬೆಂಚಿನ ಮ್ಯಾಲ ಬ್ಯಾರೆ ಯಾರೂ ಬ್ಯಾಡ. ನಾನ ಕುಂಡ್ರತೀನಿ" ಅಂದ. ಆಸ್ಪತ್ರೆಯಲ್ಲಿ ಅವಕಾಶ ಸಿಗಲಿಲ್ಲ, ಮಾನ್ವಿಯ ಹಳೆಯ ಶಾಲೆಯ ಕಟ್ಟಡವೊಂದರಲ್ಲಿ ಚಿತ್ರೀಕರಣ ಇಟ್ಟುಕೊಂಡರು. ನಾನು ಹಿರೇಕೊಟ್ನೆಕಲ್‌ಗೆ ಹೋಗಿ ಅವ್ವನಿಗೆ ದಿನ ಹೇಳಿ ಬಂದೆ. ಅವಳು ಅಕ್ಕಿ ಆರಿಸುತ್ತಲೇ ಇದ್ದಳು.

ಮೊನ್ನೆ ಶನಿವಾರ ಬೆಳಿಗ್ಗೆ ಅಪ್ಪ ಬೆಂಚಿನ ಮೇಲೆ ಕೂತ. ಪ್ರಕಾಶ ಹೇಳಿಕೊಟ್ಟ: ಏಳಬೇಕು, ನಾಲ್ಕು ಮೆಟ್ಟಿಲು ಹತ್ತಬೇಕು, ನಿಂತು ವಾಪಸ್ ಇಳಿಯಬೇಕು. ಅಪ್ಪ ಎದ್ದ. ನಾಲ್ಕು ಹತ್ತಿದ. ಗೋಡೆ ಹಿಡಿದ. ಹಿಡಿದವನು ಇಳಿಯಲೇ ಇಲ್ಲ, ಹತ್ತಲೂ ಇಲ್ಲ. ಭುಜ ಕುಲುಕುತ್ತಿದ್ದವು. ನಾನು ಹತ್ತಿರ ಹೋಗುವಷ್ಟರಲ್ಲಿ ಮೇಲಿನಿಂದ ದನಿ ಬಂತು. ಅವ್ವ. ನಮಗೆ ಹೇಳದೆ ಬಂದು, ಹಿಂದಿನ ಬಾಗಿಲಿನಿಂದ ಮೇಲೆ ಹತ್ತಿ ನಿಂತು ಎಲ್ಲ ನೋಡುತ್ತಿದ್ದಳಂತೆ.

"ಬರ್ರಿ," ಅಂದಳು. ಸಿನಿಮಾ ದಿನದ ಆ ಒಂದು ಪ್ರಶ್ನೆ ಬಿಟ್ಟರೆ, ಒಂದೂವರೆ ವರ್ಷದ ಮೇಲೆ ಅವನಿಗೆ ಅಂದ ಮೊದಲ ಮಾತು. "ಅವ ಇಲ್ಲಿಲ್ಲ. ಆದ್ರೂ ಮ್ಯಾಲ ಬರ್ರಿ."

ಅಪ್ಪ ಹತ್ತಿದ ಅಣ್ಣಾ. ಒಂದೊಂದೇ ಮೆಟ್ಟಿಲು, ಕಡೆಯ ತನಕ. ಪ್ರಕಾಶ ಕ್ಯಾಮೆರಾ ಬಂದ್ ಮಾಡಿ ಗೋಡೆಯ ಕಡೆ ತಿರುಗಿ ನಿಂತಿದ್ದ. ಹಾಗಾಗಿ ಇದು ಸಿನಿಮಾದಲ್ಲಿ ಇರುವುದಿಲ್ಲ. ಅದಕ್ಕೇ ನಿನಗೆ ಬರೆದೆ.

ನಿನ್ನ ತಂಗಿ,
ರೂತಿ