ಮಾವನವರು ನೋಡುತ್ತೇನೆಂದಿದ್ದ ದೀಪ

ಸ್ವರ್ಗದಲ್ಲಿ ಯಾವ ದೇವರ ವಾಹನದ ಅಡಿಯಲ್ಲಿ ಮಲಗಿ ನಟ್ಟು ತಿರುಗಿಸುತ್ತಿದ್ದೀರೋ ಗೊತ್ತಿಲ್ಲ. ಅಲ್ಲಿಂದಲೇ ಅಳಿಯನ ನಮಸ್ಕಾರ ಸ್ವೀಕರಿಸಬೇಕು.

ನಿಮ್ಮ ಮಗಳ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತಲ್ಲ, ಅದು ಇವತ್ತು ಆರಿತು. ಆರಿಸಿದವನು ನಾನು. ಮನೆಯಲ್ಲಿ ಏನು ಕೆಟ್ಟರೂ ಅವಳು "ಅಪ್ಪ ಆಗಿದ್ರೆ ಬರೀ ಕಿವಿಯಿಟ್ಟು ಕೇಳಿ ಹೇಳ್ತಿದ್ರು" ಎನ್ನುತ್ತಾಳೆ. ಸತ್ತವರ ಕಿವಿಯ ಮೇಲೆ ಹೊಟ್ಟೆಕಿಚ್ಚು ಪಡುವ ಅಳಿಯ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಅದಕ್ಕೇ ಕಾರಿನ ದೋಷ ಪತ್ತೆಹಚ್ಚುವ ಸ್ಕ್ಯಾನರ್ ಕೊಂಡುತಂದೆ. ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದೊಡನೆ ಮೊಬೈಲಿನಲ್ಲಿ ದೋಷದ ಕೋಡ್ ಬಂತು: ಆಕ್ಸಿಜನ್ ಸೆನ್ಸರ್. ಬಾನೆಟ್ ಎತ್ತಿದರೆ ಅದರ ವೈರಿನ ಕನೆಕ್ಟರ್ ಸಡಿಲವಾಗಿತ್ತು. ಒತ್ತಿ ಕೂರಿಸಿ ಕೋಡ್ ಅಳಿಸಿದೆ. ಕಿವಿಯ ಅಗತ್ಯವೇ ಬೀಳಲಿಲ್ಲ ಮಾವ.

ಮೀಸೆ ತಿರುವಿಕೊಂಡು ಅವಳನ್ನು ಕರೆದೆ. ಅವಳು ಸೀಟಿನಲ್ಲಿ ಕುಳಿತು ದೀಪವಿದ್ದ ಜಾಗವನ್ನೇ ನೋಡಿದಳು.

"ಭಾನುವಾರ ಬಂದು ನೋಡ್ತೀನಿ, ಯಾರ ಕೈಗೂ ಕೊಡ್ಬೇಡ ಕಣೇ ಅಂದಿದ್ರು ಅಪ್ಪ" ಎಂದಳು.

ಆ ಭಾನುವಾರ ಬರುವಷ್ಟರಲ್ಲಿ ನೀವೇ ಇರಲಿಲ್ಲ. ಅವಳು ಎದ್ದು ಒಳಗೆ ಹೋದಳು. ನಾನು ಮತ್ತೆ ಬಾನೆಟ್ ಎತ್ತಿ, ಕನೆಕ್ಟರನ್ನು ಮೊದಲಿನಂತೆ ಸಡಿಲವಾಗಿ ಎಳೆದುಬಿಟ್ಟೆ.

ಸಂಜೆ ಕಾರಿನಲ್ಲಿ ಅಂಗಡಿಗೆ ಹೋಗಿ ಬಂದವಳು ಬಾಗಿಲಲ್ಲೇ ನಕ್ಕಳು.

"ದೀಪ ಮತ್ತೆ ಬಂತು ಕಣ್ರೀ. ನಿಮ್ ಕೈಲಿ ಆಗಲ್ಲ ಅಂತ ನಂಗೊತ್ತಿತ್ತು. ಅದಕ್ಕೆ ಅಪ್ಪನೇ ಬೇಕಿತ್ತು."

"ಹೌದು ಬಿಡು, ಅವರೇ ಬೇಕಿತ್ತು" ಎಂದೆ.

ನೀವು ಬದುಕಿದ್ದಾಗ ಒಂದು ಸಲವೂ ನಾನು ಇದನ್ನು ಒಪ್ಪಿಕೊಂಡಿರಲಿಲ್ಲ.